ಕಿಟ್ವೆಗೆ ಹೊರಟ ಮಗಳಿಗೆ

ಲೂಕನ್, ಡಬ್ಲಿನ್
16 ಮೇ 2004

ಮುದ್ದಿನ ಮಗಳು ಚಿನ್ಮಯಿಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೇವೆ. ಗಾಲ್ವೇಯಲ್ಲಿ ನಿನ್ನ ಪರೀಕ್ಷೆಗಳು ಮುಗಿದವೆಂದು ಕೇಳಿ ಸಮಾಧಾನವಾಯಿತು. "ಜಾಂಬಿಯಾಕ್ಕೆ ಏನೇನು ತಗೊಂಡ್ ಹೋಗ್ಲಿ, ಹೇಳಮ್ಮ" ಎಂದು ನೀನು ಕೇಳಿ ತಿಂಗಳಾಗುತ್ತ ಬಂತು. ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ನೀನು ಹುಟ್ಟುವ ಮೊದಲು ನಾವು ಕಿಟ್ವೆಯಲ್ಲಿದ್ದೆವಲ್ಲ, ಆ ಊರಿನ ಹೆಸರೆತ್ತಿದರೆ ಅವರು ಎದ್ದು ಹೋಗುವುದು ನಿನಗೆ ಗೊತ್ತೇ ಇದೆ. ನೀನು ಅದೇ ಊರಿನ ಆಸ್ಪತ್ರೆಗೆ ಕಲಿಯಲು ಹೊರಟಿರುವುದು ಅವರಿಗೆ ಸುತರಾಂ ಇಷ್ಟವಿಲ್ಲ. ನನಗೋ, ನೀನು ಹೋಗಲೇಬೇಕು ಎಂದಿದೆ. ಅಲ್ಲಿ ನನ್ನದೊಂದು ಕೆಲಸ ಉಳಿದಿದೆ, ಅದನ್ನು ನಿನ್ನಿಂದ ಮಾಡಿಸಬೇಕು. ಧೈರ್ಯ ಬಂದರೆ ಕೊನೆಯಲ್ಲಿ ಬರೆಯುತ್ತೇನೆ. ಮೈಸೂರಿನಲ್ಲಿ ಅಜ್ಜಿ ಹೊಡೆದು ಬಡಿದು ಕಲಿಸಿದ ಕನ್ನಡ ಇದಕ್ಕಾದರೂ ಉಪಯೋಗಕ್ಕೆ ಬರಲಿ, ನಿಧಾನವಾಗಿ ಓದು.

ಮೊದಲು ಸ್ವೆಟರ್ ಇಟ್ಟುಕೋ. ನಗಬೇಡ. ಪಕ್ಕದ ಮನೆಯ ಮಿಸೆಸ್ ನೋಲನ್ ನಿನಗೆಂದು ಸನ್ ಕ್ರೀಮ್ ತಂದುಕೊಟ್ಟು, "ಶೀ ವಿಲ್ ಬಿ ಗ್ರ್ಯಾಂಡ್", ಅವಳಿಗೇನೂ ಆಗುವುದಿಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದರು. ಪಾಪ, ಜೂನ್ ಜುಲೈಯಲ್ಲಿ ಅಲ್ಲಿ ಚಳಿಗಾಲವೆಂದು ಅವರಿಗೇನು ಗೊತ್ತು! ಬೆಳಗಿನ ಹೊತ್ತು ಹಲ್ಲು ಕಟಕಟ ಎನ್ನುತ್ತದೆ. ಆಫ್ರಿಕಾ ಎಂದರೆ ಒಂದೇ ಊರಲ್ಲ. ಕೀನ್ಯಾ ನೋಡಿ ಬಂದವರ ಬುದ್ಧಿವಾದವನ್ನೆಲ್ಲ ತಲೆಗೆ ತುಂಬಿಕೊಳ್ಳಬೇಡ.

ಅಂಗಡಿಯಾಗಲಿ, ಬಸ್ಸಾಗಲಿ, ಆಸ್ಪತ್ರೆಯಾಗಲಿ, ಮೊದಲು "ಮುಲಿ ಶಾನಿ" ಎಂದು ಯೋಗಕ್ಷೇಮ ವಿಚಾರಿಸು, ಆಮೇಲೆ ಕೆಲಸದ ಮಾತು. ನೇರವಾಗಿ ಕೇಳಿದರೆ ಒರಟು ಹುಡುಗಿ ಎಂದುಕೊಳ್ಳುತ್ತಾರೆ. ಇಲ್ಲಿ ಈಗ ಎಲ್ಲರಿಗೂ ಮನೆ ಕೊಳ್ಳುವ, ಮಾರುವ ಅವಸರ. ಆ ಅವಸರವನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗು.

ಡಾಕ್ಟರಾಗುವವಳಿಗೆ ನಾನೇನು ಹೇಳುವುದು, ಆದರೂ ಹೇಳುತ್ತೇನೆ. ಸಂಜೆಯಾದರೆ ತುಂಬುತೋಳು ಹಾಕಿಕೋ. ಐರ್ಲೆಂಡಿಗೆ ವಾಪಸು ಬಂದೆನೆಂದು ಮಲೇರಿಯಾ ಮಾತ್ರೆ ನಿಲ್ಲಿಸಬೇಡ, ಹೇಳಿದಷ್ಟು ದಿನ ನುಂಗು. ಸೊಳ್ಳೆಪರದೆ ನೀನು ಕೊಳ್ಳುವುದು ಬೇಡ, ನಿಮ್ಮಪ್ಪ ತಂದಿದ್ದಾರೆ. ಆಶ್ಚರ್ಯವಾಯಿತೇ? ಮೊನ್ನೆ ಬ್ಯೂಮಾಂಟ್ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದವರೇ, ಅದನ್ನು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹರಡಿ, ಒಳಗೆ ನಿಂತು ತೂತು ಹುಡುಕುತ್ತಿದ್ದರು. ಬೇಲಿಯಾಚೆಯಿಂದ ಮಿಸೆಸ್ ನೋಲನ್ "ಕ್ಯಾಂಪಿಂಗ್ ಹೊರಟಿರಾ ಡಾಕ್ಟರ್?" ಎಂದು ಕೇಳಿದರೆ, ಪರದೆಯ ಇನ್ನೊಂದು ಮೂಲೆಗೆ ಸರಿದರು. ನಾನು ಕಾಫಿಗೆ ಕರೆದರೆ, "ಇನ್ನೊಂದ್ಸಲ ನೋಡ್ಬಿಡ್ತೀನಿ ಇರು" ಎಂದರು.

ಇನ್ನು ಇಸ್ತ್ರಿ. ಅಲ್ಲಿ ಹೊರಗೆ ಒಣಗಿದ ಬಟ್ಟೆಯಲ್ಲಿ ಒಂದು ಜಾತಿಯ ನೊಣ ಮೊಟ್ಟೆ ಇಡುತ್ತದೆ, ಹಾಗೇ ತೊಟ್ಟರೆ ಹುಳು ಚರ್ಮದೊಳಕ್ಕೆ ಇಳಿಯುತ್ತದೆ. ಒಳಬಟ್ಟೆ, ಕಾಲುಚೀಲವನ್ನೂ ಬಿಡದೆ ಇಸ್ತ್ರಿ ಮಾಡು. ನನಗೆ ಇದನ್ನು ಕಲಿಸಿದವಳು ಕಿಟ್ವೆಯಲ್ಲಿ ಪಕ್ಕದ ಮನೆಯಲ್ಲಿದ್ದ ಮುಲೆಂಗಾ, ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುತ್ತಾಳಲ್ಲ, ಅವಳು. "ಟೀ ಟವೆಲ್‌ಗೂ ಇಸ್ತ್ರಿ ಮಾಡ್ತೀಯಲ್ಲಮ್ಮ, ನಿಂಗೆ ಹುಚ್ಚು" ಎಂದು ನೀನು ನಗುತ್ತಿದ್ದೆ. ನಗು, ಪರವಾಗಿಲ್ಲ.

ಹೋದ ದಿನವೇ ಫೋನ್ ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಾಮುಂಡಿ ತಾಯಿ ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ. ನೂರು ಕಾಲ ಬಾಳು ಕಂದ.

ಇಂತಿ ನಿನ್ನ ಅಮ್ಮ,
ಶಕುಂತಲಾ

ತಾ.ಕ. ಕಾಗದ ಮಡಚಿದ್ದೆ, ಮತ್ತೆ ಬಿಡಿಸಿದೆ.

ಚಿನ್ನು, ನಿನಗೊಬ್ಬ ಅಣ್ಣನಿದ್ದ. ಶ್ರೀವತ್ಸ. ಕಿಟ್ವೆಯಲ್ಲಿ ಹುಟ್ಟಿದ, ಹೆಜ್ಜೆ ಇಡುವ ಮೊದಲೇ ಅಲ್ಲೇ ಮಲೇರಿಯಾದಲ್ಲಿ ಹೋದ. ನಿಮ್ಮಪ್ಪನದೇ ವಾರ್ಡು, ಔಷಧಿ ಕೊಟ್ಟದ್ದೂ ನಿಮ್ಮಪ್ಪನದೇ ಕೈ. ಎಳೆಗೂಸನ್ನು ಸುಡುವುದಿಲ್ಲವಲ್ಲ, ಮಣ್ಣು ಮಾಡಿದೆವು. "ನಮ್ಮಲ್ಲಿ ಗೋರಿ ಕಟ್ಟಲ್ಲ, ತಿರುಗಿ ನೋಡಲ್ಲ, ಬಾ" ಎಂದು ಅವರು ನನ್ನ ಕೈಹಿಡಿದು ಕರೆತಂದರು. ಅಂದಿನಿಂದ ಆ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ. ನಾನು ದಿನಾ ಇಸ್ತ್ರಿ ಮಾಡುತ್ತಿದ್ದುದು ಅವನ ಬಟ್ಟೆಯನ್ನು. ಮಗು ಹೋಯಿತು, ಕೈಗೆ ಅಭ್ಯಾಸ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಮಿಸೆಸ್ ನೋಲನ್ ಜೊತೆ ಅವರ ಸ್ಮಶಾನಕ್ಕೆ ಹೋಗಿದ್ದೆ. ಇಲ್ಲಿ ವರ್ಷಕ್ಕೊಂದು ಭಾನುವಾರ ಪಾದ್ರಿ ಬಂದು ಎಲ್ಲ ಗೋರಿಗಳಿಗೂ ತೀರ್ಥ ಚಿಮುಕಿಸುತ್ತಾರೆ. ಒಂದೊಂದು ಮನೆಯವರೂ ತಮ್ಮ ತಮ್ಮವರ ಪಕ್ಕ ನಿಲ್ಲುತ್ತಾರೆ. "ನಿನ್ನವರು ಎಲ್ಲಿ?" ಎಂದು ಒಬ್ಬ ಮುದುಕಿ ನನ್ನನ್ನು ಕೇಳಿದಳು. ನನಗೆ ನಿಲ್ಲಲು ಜಾಗವಿರಲಿಲ್ಲ.

ಮುಲೆಂಗಾ ಅವನ ತಲೆಯ ಬಳಿ ಮಾವಿನ ಗಿಡ ನೆಟ್ಟಿದ್ದಾಳೆ. ಪ್ರತಿ ಕಾರ್ಡಿನಲ್ಲೂ "ಮರ ಚೆನ್ನಾಗಿದೆ" ಎಂದು ಬರೆಯುತ್ತಾಳೆ. ಯಾವ ಮರ ಎಂದು ನಿಮ್ಮಪ್ಪ ಒಮ್ಮೆಯೂ ಕೇಳಿಲ್ಲ. ಅವಳ ಮನೆಗೆ ಹೋಗು, ಮೊದಲು ಯೋಗಕ್ಷೇಮ ವಿಚಾರಿಸು, ಆಮೇಲೆ ಕೇಳು, ತೋರಿಸುತ್ತಾಳೆ. ಪೂಜೆ ಬೇಡ, ಹೂವೂ ಬೇಡ. ಪಕ್ಕದಲ್ಲಿ ನಿಂತು ಒಂದೇ ಒಂದು ಸಲ "ಅಣ್ಣಾ" ಎಂದು ಕರೆ. ಅವನನ್ನು ಇದುವರೆಗೆ ಯಾರೂ ಹಾಗೆ ಕರೆದಿಲ್ಲ.