ನನ್ನ ತಂಗಿಯ ಆಗಸ್ಟ್ ತಿಂಗಳ ಸಹಿ

ಕಾಲೇಜಿನ ಮಾನ್ಯ ದೈಹಿಕ ಶಿಕ್ಷಣ ನಿರ್ದೇಶಕರೇ,

ನಿಮ್ಮ ಮೈದಾನದಲ್ಲಿ, ನಿಮ್ಮದೇ ಪೆನ್ನಿನಿಂದ ಹಾಕಿದ ಒಂದು ಸಹಿಯ ದೆಸೆಯಿಂದ ನನ್ನ ತಂಗಿ ಪ್ರೇಕ್ಷಾ ವಿಶ್ವವಿದ್ಯಾಲಯದ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿಯೂ ಮನೆಯಲ್ಲಿ ಕೂತಿದ್ದಾಳೆ. ಕಾಲೇಜಿನಿಂದ ತಂಡಕ್ಕೆ ಹೋಗುವವರ ಪಟ್ಟಿಯನ್ನು ನೀವು ಶನಿವಾರ ವಿಶ್ವವಿದ್ಯಾಲಯಕ್ಕೆ ಕಳಿಸುತ್ತೀರಿ. ಅದಕ್ಕೇ ಈ ಪತ್ರವನ್ನು ಲಕೋಟೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ.

ಕಳೆದ ಆಗಸ್ಟಿನಲ್ಲಿ ಶೂ ಕಂಪೆನಿಯವರನ್ನು ಕರೆತಂದವರು ನೀವು. ಅವರ ಜಾಹೀರಾತಿಗೆ ಇವಳ ಫೋಟೋ. ಇವಳಿಗೆ ಶೂ, ಜೆರ್ಸಿ. ಕರಾರು ಆರು ಪುಟ, ಪೂರ್ತಿ ಇಂಗ್ಲಿಷ್. ಅಪ್ಪ ಮುಂಬೈ ಹೋಟೆಲಿನಲ್ಲಿ ಕೆಲಸಕ್ಕಿರುವುದರಿಂದ ಪೋಷಕನ ಜಾಗದಲ್ಲಿ ನಿಂತವನು ನಾನು. ಮೊದಲ ಪುಟವನ್ನೇ ನೋಡುತ್ತಾ ತಡವರಿಸುತ್ತಿದ್ದಾಗ ನೀವು ಹೇಳಿದಿರಿ: "ಎಂತ ಕಾಂತೆ ಮಾರಾಯಾ, ಎಲ್ಲರದ್ದೂ ಇದೇ ಪೇಪರ್. ಹಾಕ್ ಸಹಿ." ಅವಳೂ ಹಾಕಿದಳು, ನಾನೂ ಹಾಕಿದೆ. ನಾನು ಹತ್ತನೇ ತರಗತಿಯವರೆಗೆ ಕಲಿತ ಶಾಲೆಯಲ್ಲಿ, ಓದದೆ ಸಹಿ ಹಾಕುವುದನ್ನು ಯಾರೂ ಕಲಿಸಿರಲಿಲ್ಲ. ಅದನ್ನು ನಿಮ್ಮ ಕಾಲೇಜಿನಲ್ಲಿ ಕಲಿತೆ.

ಜನವರಿಯಲ್ಲಿ ಅವಳು ಆಯ್ಕೆಯಾದಳು. ನಮ್ಮೂರಲ್ಲಿ ಯಾರಾದರೂ ಗೆದ್ದರೆ ಏನು ಮಾಡುತ್ತಾರೆಂದು ನಿಮಗೆ ಗೊತ್ತಿಲ್ಲವೇ? ನಾನೂ ತೆಕ್ಕಟ್ಟೆ ಹೈವೇ ಬದಿಗೆ ಫ್ಲೆಕ್ಸ್ ಕಟ್ಟಿದೆ. ಅವಳ ದೊಡ್ಡ ಫೋಟೋ, ಮೂಲೆಯಲ್ಲಿ ನಿಮ್ಮದೂ ಒಂದು, ಕೆಳಗೆ 'ಶುಭ ಕೋರುವವರು' ಎಂದು ಅದರ ಖರ್ಚು ಕೊಟ್ಟ ಸುಧಾಕರಣ್ಣನ ಹೋಟೆಲಿನ ಹೆಸರು. ನೀವೂ ನೋಡಿ ಮೆಚ್ಚಿದ್ದಿರಿ. ಹದಿನೈದು ದಿನಕ್ಕೆ ಕಂಪೆನಿಯ ನೋಟಿಸ್ ಬಂತು. ನಾಲ್ಕನೇ ಪುಟದ ಪ್ರಕಾರ ಮೂರು ವರ್ಷ ಅವಳ ಫೋಟೋ ಬೇರೆ ಯಾವ ವ್ಯಾಪಾರದ ಹೆಸರಿನ ಜೊತೆಗೂ ಬರಬಾರದಂತೆ. ಕರಾರು ಮುರಿದದ್ದಕ್ಕೆ ಇನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬೇರೆ ಕಂಪೆನಿಯ ಜೆರ್ಸಿ ತೊಟ್ಟು ಆಡುವಂತಿಲ್ಲವಂತೆ. ವಿಶ್ವವಿದ್ಯಾಲಯದ ಜೆರ್ಸಿ ಬೇರೆ ಕಂಪೆನಿಯದ್ದು. ಒಪ್ಪಿಗೆ ಪತ್ರ ತಂದರೆ ಮಾತ್ರ ಪಟ್ಟಿಯಲ್ಲಿ ಹೆಸರು ಎಂದಿರಿ. ಕಂಪೆನಿಯವರು ಫೋನೇ ಎತ್ತುವುದಿಲ್ಲ.

ಬಿಚ್ಚಿ ತಂದ ಫ್ಲೆಕ್ಸನ್ನು ಮಡಚುತ್ತಾ ಪ್ರೇಕ್ಷಾ ಕೇಳಿದಳು: "ಅಣ್ಣ, ಇನ್ ನಾ ಆಡುಕೆ ಹೋಪುಕಿಲ್ಯಾ?" ಅವಳು ನನ್ನನ್ನು ಬೈದಿದ್ದರೆ ಸುಲಭವಿತ್ತು.

ಕುಂದಾಪುರದ ವಕೀಲೆ ಪ್ರಭಾವತಿಯವರು ಆರೂ ಪುಟ ಓದಿ ಒಂದೇ ಪ್ರಶ್ನೆ ಕೇಳಿದರು: "ಸಹಿ ಹಾಕ್ದ್ ದಿನ ಹೆಣ್ಣಿಗ್ ಎಷ್ಟ್ ವರ್ಷ?" ಹದಿನೇಳು. ಹದಿನೆಂಟು ತುಂಬಿದ್ದು ನವೆಂಬರಿನಲ್ಲಿ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ಕರಾರೇ ಅಲ್ಲವಂತೆ. ಅಣ್ಣ ಸಹಿ ಹಾಕಿದ ಮಾತ್ರಕ್ಕೆ ಅದಕ್ಕೆ ಜೀವ ಬರುವುದಿಲ್ಲವಂತೆ. ನಮಗೆ ಗೊತ್ತಿರಲಿಲ್ಲ. ನಿಮಗೆ? ಅವಳ ಕ್ರೀಡಾ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ತುಂಬಿದ್ದು ನಿಮ್ಮ ಕೈಯೇ ಅಲ್ಲವೇ?

ಫ್ಲೆಕ್ಸ್ ಕಟ್ಟಿದ್ದು ನನ್ನ ತಪ್ಪು, ಒಪ್ಪುತ್ತೇನೆ. ನಿಮ್ಮಿಂದ ಬೇಕಾದದ್ದು ಒಂದೇ ಸಾಲು: "ಸಹಿ ಹಾಕಿದ ದಿನ ಈ ಹುಡುಗಿಗೆ ಹದಿನೇಳು ವರ್ಷ, ಆಗ ನಾನೂ ಅಲ್ಲಿದ್ದೆ." ಅದಕ್ಕೆ ಕಾಲೇಜಿನ ಮೊಹರು ಒತ್ತಿ, ಪಟ್ಟಿಯಲ್ಲಿ ಅವಳ ಹೆಸರು ಬರೆದು, ಶನಿವಾರ ಎರಡನ್ನೂ ಒಟ್ಟಿಗೆ ಕಳಿಸಿ. ಸಹಿ ಹಾಕುವ ಮೊದಲು ಎಷ್ಟು ಸಲ ಬೇಕಾದರೂ ಓದಿಕೊಳ್ಳಿ. ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತಿರುತ್ತೇನೆ, ಅವಸರ ಮಾಡುವುದಿಲ್ಲ.

ಇಂತಿ,
ಪೋಷಕನ ಜಾಗದಲ್ಲಿ ಓದದೆ ಸಹಿ ಹಾಕಿದ ಅಣ್ಣ
ರತೀಶ್, ತೆಕ್ಕಟ್ಟೆ