‘ಸ’ ಎಂದರೆ

ಮಾರ್ಚ್ 3
ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ಪ್ಲೇಟ್ ಹನ್ನೆರಡು. ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಹನ್ನೆರಡು ತಿಳಿ ವೃತ್ತ. ಡಿಆಕ್ಸಿ ಸಕ್ಕರೆ—ಒಂದು ಆಕ್ಸಿಜನ್ ಕಡಿಮೆಯಿರುವ ಸಕ್ಕರೆ—ಅಂಟಿಕೊಂಡಿದ್ದರೆ ಮಾತ್ರ ನಮ್ಮ ಆಂಟಿಬಯೋಟಿಕ್ ಕೊಲ್ಲುತ್ತದೆ. ಇಲ್ಲವಾದರೆ ಹಲ್ಲು ಕಿತ್ತ ಹಾವು. ಲ್ಯಾಬಿನಲ್ಲಿ ಅಂಟಿದ್ದಕ್ಕೆ ‘ಸಕ್ಕರೆ’, ಅಂಟದ್ದಕ್ಕೆ ‘ಸಪ್ಪೆ’ ಎನ್ನುತ್ತೇವೆ. ಸಪ್ಪೆಯನ್ನು ಇನ್ನು ಪರೀಕ್ಷಿಸುವುದಿಲ್ಲ. ದಂಡ.

ಮಾರ್ಚ್ 5, ಮಧ್ಯಾಹ್ನ
ಹೊಸ ಬ್ಯಾಚ್ ಸಿದ್ಧ. ಅವಸರದಲ್ಲಿ ಸಕ್ಕರೆ ಬಾಟಲಿಗೆ ‘ಸ’ ಎಂದಷ್ಟೇ ಗೀಚಿದೆ, ಸಪ್ಪೆ ಬಾಟಲಿಗೆ ಏನೂ ಇಲ್ಲ. ಸಣ್ಣ ಸೀಸೆಗಳಿಗೆ ತುಂಬಿ ಹೆಸರು ಬರೆಯುವುದು ಟೆಕ್ನಿಷಿಯನ್ ಕೆಲಸ. ಎಲ್ಲರ ಬಾಯಲ್ಲಿ ಅವನು ‘ಕನ್ನಡಕ’. ಇಪ್ಪತ್ತು ವರ್ಷದ ಹಳಬ.
ಊಟಕ್ಕೆ ಕೂತಿದ್ದೆ. ಡಬ್ಬಿ ಹೇಗಿದೆ ಎಂದು ಇಯರ್‌ಫೋನಿನಲ್ಲಿ ಅಕ್ಕ ಕೇಳಿದಳು. “ಸಪ್ಪೆ. ಬರೀ ಸಪ್ಪೆ” ಎಂದೆ. ತಿರುಗಿದರೆ ಬಾಗಿಲಲ್ಲಿ ಕನ್ನಡಕ. ತಲೆಯಾಡಿಸಿ ಹೋದ. ಕದ್ದು ಕೇಳುವ ಚಾಳಿ ಯಾವಾಗಿನಿಂದಲೋ...

ಮಾರ್ಚ್ 10
ಒಂದೂ ವೃತ್ತವಿಲ್ಲ. ಪ್ಲೇಟಿನ ತುಂಬ ಬ್ಯಾಕ್ಟೀರಿಯಾ, ಹಾಲಿನ ಕೆನೆಯಂತೆ. ‘ಸಕ್ಕರೆ’ ಸೀಸೆಯ ಮೇಲೆ ಅವನದೇ ದುಂಡು ಅಕ್ಷರ. ಬೇರೆ ಯಾರೂ ಮುಟ್ಟಿಲ್ಲ.

ಮಾರ್ಚ್ 11
ರಾತ್ರಿ ಯಾರಾದರೂ ತೆರೆದರೆ ತಿಳಿಯಲೆಂದು, ಸೀಸೆಗಳಿರುವ ಫ್ರೀಜರ್ ಬಾಗಿಲಿಗೆ ಕೂದಲೊಂದನ್ನು ಅಂಟಿಸಿ ಹೋಗಿದ್ದೆ. ಬೆಳಿಗ್ಗೆ ಇರಲಿಲ್ಲ. ಕನ್ನಡಕ ಆಗಲೇ ಬಂದಿದ್ದ.
“ಇಷ್ಟು ಬೇಗ ಬಂದ್ರಾ?”
“ದಿನಾ ಇದೇ ಟೈಮು ಮೇಡಂ.”
ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಲ್ಲ, ಅದೂ ಇಲ್ಲ. ಪಳಗಿದ ಕೈ.

ಮಾರ್ಚ್ 14
ಮತ್ತೆ ಸೊನ್ನೆ. ತಿಂಗಳ ಕೊನೆಗೆ ವರದಿ ಕೊಡಬೇಕು. ನಿರ್ದೇಶಕರಿಗೆ ದೂರು ಬರೆದುಕೊಟ್ಟೆ—ಬೇಕೆಂದೇ ಹಾಳು ಮಾಡುತ್ತಿದ್ದಾನೆ ಎಂದು.

ಮಾರ್ಚ್ 26
ಅವನನ್ನು ಕೆಲಸದಿಂದ ತೆಗೆದರು. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದ. “ಗೊತ್ತಾಗದಿದ್ರೆ ಕೇಳಿಯೇ ಮಾಡೋನು ನಾನು. ನಿಮ್ಮನ್ನೂ ಕೇಳಿದ್ದೆ.”
ಏನು ಕೇಳಿದ್ದನಂತೆ? ನಾಟಕ.

ಮಾರ್ಚ್ 27
ಡ್ರಾಯರಿನಲ್ಲಿ ಅವನ ನೋಟ್‌ಬುಕ್. ಸಾಕ್ಷಿ ಸಿಕ್ಕೀತೆಂದು ತೆರೆದೆ.
‘ಮಾರ್ಚ್ 5. ಬಾಟಲಿ ಮೇಲೆ ಸ. ಸಕ್ಕರೆಯೋ ಸಪ್ಪೆಯೋ ತಿಳಿಯಲಿಲ್ಲ. ಮೇಡಂ ಅವರನ್ನು ಕೇಳಿದೆ. ಸಪ್ಪೆ, ಬರೀ ಸಪ್ಪೆ ಎಂದರು.’
ಇಯರ್‌ಫೋನ್. ಅಕ್ಕ. ಡಬ್ಬಿ.
‘ಸಪ್ಪೆ’ ಸೀಸೆಗಳಿಂದ ಹನ್ನೆರಡು ಪ್ಲೇಟ್ ಹಾಕಿ ಬಂದೆ.

ಮಾರ್ಚ್ 28, ಬೆಳಿಗ್ಗೆ 9
ಹನ್ನೆರಡರಲ್ಲೂ ತಿಳಿ ವೃತ್ತ. ಇಷ್ಟು ದೊಡ್ಡವು ಯಾವತ್ತೂ ಬಂದಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ನಿರ್ದೇಶಕರಿಗೆ ಹೇಳಬೇಕು. ಅದಕ್ಕೂ ಮೊದಲು ಅವನಿಗೆ.
ಫೋನ್ ಮಾಡಿದೆ. ಎತ್ತಿಕೊಂಡದ್ದು ಅವನ ಹೆಂಡತಿ.
“ಯಾರು ಮಾತಾಡೋದು?”
“ನಾನು—”