ಹನ್ನೆರಡನೆಯ ಕಾರ್ಡು

ಜನವರಿ ೨, ಶುಕ್ರವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನೀನು, ನಿನ್ನ ಗಂಡ, ಮಗಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ಬಸ್ಸು ಬದಲಿಸಿದರೆ ಸಿಗುವ ತಂಗಿಗೆ ಇವಳೇನು ಕಾಗದ ಬರೆಯುತ್ತಾಳೆ ಎಂದು ನಗಬೇಡ. ಹತ್ತು ದಿನದಿಂದ ಫೋನು ಎತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದೇನೆ. ಕಾಗದವಾದರೆ ನಡುವೆ ನೀನು "ಇರ್ಲಿ ಬಿಡಕ್ಕ" ಎನ್ನಲಾರೆ.

ನಿಮ್ಮ ಭಾವನ ಮಂಡಿನೋವು ಇದ್ದಷ್ಟೇ ಇದೆ, ಅದರ ಬಗೆಗಿನ ಭಾಷಣ ಮಾತ್ರ ಬೆಳೆಯುತ್ತಿದೆ. ಶಾಲೆಗೆ ರಜೆ, ಆಫೀಸಿನ ನಮಗಿಲ್ಲ. ಗ್ರಂಥಾಲಯಕ್ಕೆಂದು ನಡೆಸಿದ ಆನ್‌ಲೈನ್ ಹರಾಜು ಚೆನ್ನಾಗಿ ಆಯಿತೆಂದು ಹೆಡ್‌ಮೇಡಂ ಖುಷಿಯಾಗಿದ್ದಾರೆ.

ಆ ಹರಾಜಿನ ವಿಷಯಕ್ಕೇ ಬರುತ್ತೇನೆ. ಊರಿನ ಹೋಟೆಲಿನವರು ಊಟದ ಗಿಫ್ಟ್ ಕಾರ್ಡು ಕೊಡುತ್ತಿದ್ದಾರೆಂದು ನಾನು ಬಾಯಿತಪ್ಪಿ ಹೇಳಿದೆ. ನೀನು ತಕ್ಷಣ, "ಅಕ್ಕಾ, ನಮ್ದೂ ಒಂದ್ ಹಾಕ್ತೀಯಾ?" ಅಂದೆ. ಬೇರೆಯವರ ಕಾರ್ಡುಗಳಲ್ಲಿ ಚಿನ್ನದ ಬಣ್ಣದ ಅಕ್ಷರ. ನಿನ್ನದರಲ್ಲಿ ಮಗಳು ಬಿಡಿಸಿದ ತಟ್ಟೆ, ನಿನ್ನ ಕೈಬರಹದಲ್ಲಿ "ಇಬ್ಬರಿಗೆ ಹೊಟ್ಟೆ ತುಂಬ ಊಟ". ಅದರ ಕೆಳಗೆ ನಿನ್ನ ಪೂರ್ತಿ ಹೆಸರು, ನನ್ನ ಹೆಸರಿಗೂ ಅಂಟಿಕೊಂಡಿರುವ ಅದೇ ಮನೆತನದ ಹೆಸರಿನ ಜೊತೆಗೆ. ಫೋಟೋ ಹಾಕುವಾಗ ಆ ಸಾಲನ್ನು ಕತ್ತರಿಸಿದೆ. ಜಾಗ ಸಾಲಲಿಲ್ಲ ಎಂದು ನಿನಗೆ ಹೇಳಿದೆ. ಜಾಗ ಬೇಕಾದಷ್ಟಿತ್ತು.

ಹನ್ನೊಂದು ಕಾರ್ಡುಗಳಿಗೆ ಜನ ಮುಗಿಬಿದ್ದರು. ಹನ್ನೆರಡನೆಯದು ನಿನ್ನದು, ಹರಾಜು ಮುಗಿಯುತ್ತ ಬಂದರೂ ಅದನ್ನು ಒಬ್ಬರೂ ಕೂಗಿರಲಿಲ್ಲ. ನಾನಾದರೂ ಕೂಗಬಹುದಿತ್ತು. ಪುಟದಲ್ಲಿ ಕಾಣುವುದು ನಾವೇ ಇಟ್ಟುಕೊಂಡ ಅಡ್ಡಹೆಸರು ಮಾತ್ರ. ಆದರೆ ಅಸಲಿ ಹೆಸರು ಹೆಡ್‌ಮೇಡಂಗೆ ತಿಳಿಯುತ್ತದೆ. ಬಸ್‌ಸ್ಟ್ಯಾಂಡ್ ಹಿಂದಿನ ಆರು ಮೇಜಿನ ಹೋಟೆಲು ಇವಳಿಗೇಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿದೆ. ಬದಲಿಗೆ, ಏಳನೇ ಮಹಡಿಯ ರೆಸ್ಟೋರೆಂಟಿನ ಕಾರ್ಡಿಗೆ ಅವರ ಜೊತೆಯೇ ಜಿದ್ದಿಗೆ ಬಿದ್ದು ಗೆದ್ದೆ. ಹೋಗಿ ಉಂಡೂ ಬಂದೆವು. ಅಷ್ಟಗಲದ ತಟ್ಟೆಯ ನಡುವೆ ಇಷ್ಟೇ ಇಷ್ಟು. ನಿಮ್ಮ ಭಾವ ಬಡಿಸುವವನನ್ನೇ, "ಇದು ರುಚಿ ನೋಡಕ್ಕೋ, ಊಟಾನೋ?" ಎಂದು ಕೇಳಿದರು. ಮನೆಗೆ ಬಂದು ಮತ್ತೆ ಒಲೆ ಹಚ್ಚಿದೆ.

ಯಾರೂ ಕೂಗದ ಕಾರ್ಡನ್ನು ಕೊಟ್ಟವರಿಗೇ ಹಿಂತಿರುಗಿಸುವುದು ನಮ್ಮ ನಿಯಮ. ಅಲ್ಲಿ ನಿನ್ನ ಗಂಡ ಗಿರಾಕಿಗಳಿಗೆಲ್ಲ ಫೋನು ತೋರಿಸಿ, "ನಮ್ ಊಟಾನೂ ಹರಾಜಿಗ್ ಬಂದಿದೆ ನೋಡಿ" ಎನ್ನುತ್ತಿದ್ದರೆಂದು ನೀನೇ ಹೇಳಿದ್ದೆ. ಮುಗಿಯಲು ಹತ್ತು ನಿಮಿಷವಿದ್ದಾಗ ನಿನ್ನ ಕಾರ್ಡಿನ ಕೆಳಗೆ ಒಂದೇ ಒಂದು ಹೆಸರು ಮೂಡಿತು, ಗುಬ್ಬಿ. ನಿನ್ನನ್ನು ಹಾಗೆ ಕರೆಯುವವಳು ನಾನೊಬ್ಬಳೇ. ಗಂಡನ ಮುಖ ಸಣ್ಣದಾಗಬಾರದೆಂದು ನಿನ್ನ ಊಟವನ್ನು ನೀನೇ ದುಡ್ಡು ಕೊಟ್ಟು ಕೊಂಡೆ. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ.

ಹನ್ನೊಂದನೇ ತಾರೀಕು ಭಾನುವಾರ ಮಧ್ಯಾಹ್ನ ಬರುತ್ತೇನೆ. ಜನ ತುಂಬಿರುವ ಹೊತ್ತಿಗೇ ಬಂದು ಮುಂದಿನ ಮೇಜಿನಲ್ಲೇ ಕೂರುತ್ತೇನೆ. ಬಡಿಸುವುದು ಬಿಡುವುದು ನಿನಗೆ ಸೇರಿದ್ದು. ಮಗಳಿಗೆ ನನ್ನ ಮುತ್ತು ಕೊಡು, ಅವಳು ಬಿಡಿಸಿದ ತಟ್ಟೆ ಬಹಳ ಚೆನ್ನಾಗಿತ್ತೆಂದು ಹೇಳು. ನಿನ್ನ ಕೈಗೂ ನಿನ್ನ ಒಲೆಗೂ ಸದಾ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಾರ್ಡು ಒಯ್ಯಲು ನೀನು ಆಫೀಸಿಗೆ ಬಂದ ದಿನ ನಿನ್ನ ತೋಳಿನ ಮೇಲೆ ಹಿಟ್ಟು ಮೆತ್ತಿತ್ತು. ಸಾಲಿನಲ್ಲಿ ನಿಂತೇ ನನ್ನನ್ನು ನೋಡಿ ನಕ್ಕೆ. ಪಕ್ಕದಲ್ಲಿದ್ದ ಹೆಡ್‌ಮೇಡಂ ಮೆಲ್ಲಗೆ, "ನಿಮ್ಗೆ ಪರಿಚಯಾನಾ?" ಎಂದರು. "ಇಲ್ಲ, ಯಾರೋ ಹೋಟೆಲ್‌ನವ್ರು" ಎಂದೆ. ನಿನಗೆ ಅದು ಕೇಳಿಸಿರಲಾರದೆಂದು ನಂಬಲು ಹತ್ತು ದಿನ ಒದ್ದಾಡಿದೆ. ಆದರೆ ನೀನು ಸಹಿ ಹಾಕಿ, ಕಾರ್ಡು ತೆಗೆದುಕೊಂಡು, ನನ್ನ ಮುಖ ನೋಡದೆ "ಥ್ಯಾಂಕ್ಸ್ ಮೇಡಂ" ಅಂದೆ. ಭಾನುವಾರ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬಯ್ಯಿ. ಇನ್ನೊಂದು ಸಲ ಹಾಗೆ ಮಾತ್ರ ಕರೆಯಬೇಡ.